ಬಿಟ್ಟು ಬರಬೇಕಿದ್ದ ಕೋಟು

ಪ್ರವಾಸದಿಂದ ಮನೆಗೆ ಮರಳಿ ಬಿಚ್ಚಿದ ಸೂಟ್‌ಕೇಸಿನ ತಳದಲ್ಲಿ ಗಂಡನ ಕಂದು ಉಣ್ಣೆ ಕೋಟು ಕಂಡದ್ದೇ ಆಕೆ ಹಣೆ ಚಚ್ಚಿಕೊಂಡಳು. ಇಬ್ಬರಿಗೂ ಜೀವದಂತಿದ್ದ, ದೂರದ ಆ ಚಳಿಯ ನಗರದಲ್ಲಿ ಹನ್ನೊಂದು ಚಳಿಗಾಲ ಕಳೆದಿದ್ದರು. ಪ್ರತಿ ಸಲವೂ ಕೋಟುಗಳನ್ನು ಬಾಡಿಗೆ ಕೋಣೆಯ ಬೀರುವಿನಲ್ಲೇ ನೇತುಹಾಕಿ ಬರುವುದು ರೂಢಿ. ಕೋಟು ಅಲ್ಲಿದ್ದರೆ ನಾವೂ ಅಲ್ಲಿಗೆ ಹೋಗಲೇಬೇಕಲ್ಲ ಎಂಬುದು ಆಕೆಯ ಯಜಮಾನರದೇ ವಾದ.

“ಮರೆವಿಗೂ ಒಂದು ಮಿತಿ ಬೇಡ್ವಾ? ನಲವತ್ತು ವರ್ಷ ಊರವರ ಅಳತೆಯೆಲ್ಲ ಬಾಯಿಪಾಠ ಇದ್ದ ಟೈಲರು, ತಮ್ಮ ಕೋಟನ್ನ ಬಿಟ್ಟು ಬರೋದನ್ನೇ ಮರೆತರಂತೆ!” ಎಂದು ನಕ್ಕು, ಅವರನ್ನು ರೇಗಿಸಲು ಅದನ್ನು ತಾನೇ ತೊಟ್ಟುಕೊಂಡಳು. ಯಾವಾಗ ತೊಟ್ಟರೂ ಬೆರಳು ಮುಚ್ಚಿ ಜೋಲಾಡುತ್ತಿದ್ದ ತೋಳು ಈಗ ಸರಿಯಾಗಿ ಮಣಿಕಟ್ಟಿಗೆ ಬಂದಿತ್ತು. ಭುಜ ಅಚ್ಚುಕಟ್ಟಾಗಿ ಕೂತಿತ್ತು. ಬಲತೋಳಿನ ಅಂಚಿನಲ್ಲಿ ಮಾತ್ರ ಕಚ್ಚಾ ಹೊಲಿಗೆಯ ಬಿಳಿ ದಾರ ಇನ್ನೂ ಇತ್ತು.

ಆಕೆಯ ನಗು ಅಲ್ಲೇ ನಿಂತಿತು. ಕೊನೆಯ ವಾರವಿಡೀ “ನೀನು ಸುತ್ತಾಡ್ಕೊಂಡು ಬಾ, ನನಗೆ ಮಂಡಿ ನೋವು” ಎಂದು ಅವರು ಕೋಣೆಯಲ್ಲೇ ಉಳಿದಿದ್ದರು. ಅದಕ್ಕೂ ಮೊದಲು, ಮೆಟ್ಟಿಲು ಹತ್ತುವಾಗ ಪಾರಿವಾಳ ನೋಡುವ ನೆಪದಲ್ಲಿ ಮೂರು ಕಡೆ ನಿಂತು ಉಸಿರು ಎಳೆದುಕೊಳ್ಳುತ್ತಿದ್ದರು.

“ನಿನ್ನ ಕೋಟು ಮೊಣಕೈ ಹತ್ರ ಸವೆದುಹೋಗಿದೆ ಕಣೇ,” ಎಂದರು ಯಜಮಾನರು, ಸೂಜಿಗೆ ದಾರ ಪೋಣಿಸುತ್ತಾ. “ಕೈ ಚಾಚು, ಇದೊಂದು ಮುಗಿಸಿಬಿಡ್ತೀನಿ.”

“ಮತ್ತೆ ನಿಮಗೆ?”

ಅವರು ಆಕೆಯ ತೋಳಂಚು ಹಿಡಿದು ಮೊದಲ ಹೊಲಿಗೆ ಹಾಕಿದರು. “ಆ ಬಾಡಿಗೆ ಕೋಣೆಯ ಮನೆಯಾಕೆಗೆ ಹೇಳಿ ಬಂದಿದ್ದೀನಿ, ಮುಂದಿನ ಚಳಿಗೆ ಒಬ್ಬರೇ ಮಲಗೋ ಮಂಚದ ಕೋಣೆ ಸಾಕು ಅಂತ.”