ತೋಳಿನ ಮೇಲಿನ ಕೃಪೆ

ಕೆಂಪು ದೀಪದ ಬೆಳಕು ಬಲತೋಳಿನ ಮೇಲೆ ಬಿದ್ದು ಎರಡು ನಿಮಿಷವಾಗಿರಲಿಲ್ಲ, ಪ್ರಾಣೇಶರಾಯರು ಹಲ್ಲು ಕಚ್ಚಿದರು. ಹಚ್ಚಿದ ಮುಲಾಮು ಮೂರು ತಾಸಿನಲ್ಲಿ ಚರ್ಮಕ್ಕೆ ಇಳಿದಿತ್ತು. ಈಗ ಈ ಬೆಳಕು ಅದನ್ನು ಕೆರಳಿಸಿ ಕ್ಯಾನ್ಸರನ್ನು ಸುಡಬೇಕಿತ್ತು.

"ಭಾಳ ಉರೀಲಿಕ್ಕತ್ತದೇನ್ರಿ?" ಡಾಕ್ಟರ್ ಹರ್ಷದಾ ಕೇಳಿದರು.

"ಉರಿ ನನಗೇನು ಹೊಸದಲ್ಲ ಬಿಡವಾ. ಪ್ರತಿ ವರ್ಷ ಮಠಕ್ಕ ಹೋಗಿ, ಸಾಲಿನ್ಯಾಗ ನಿಂತು ಸುಡಿಸಿಕೊಳ್ಳೋ ಮಂದಿ ನಾವು."

ಆಷಾಢ ಏಕಾದಶಿಗೆ ಸ್ವಾಮಿಗಳು ಕಾಯಿಸಿದ ಶಂಖ-ಚಕ್ರಗಳ ಮುದ್ರೆಯನ್ನು ತೋಳಿಗೆ ಒತ್ತುತ್ತಾರೆ. ಎಲ್ಲರ ಗುರುತೂ ಕೆಲವು ದಿನಕ್ಕೆ ಮಾಸುತ್ತದೆ. ಹೋದ ವರ್ಷ ರಾಯರ ತೋಳಿನ ಮೇಲೆ ಮಾತ್ರ ಅದೇ ಜಾಗದಲ್ಲಿ ಒಂದು ಕೆಂಪು ಮಚ್ಚೆ ಉಳಿಯಿತು. ಹೊಟ್ಟು ಉದುರಿಸುತ್ತ ತಿಂಗಳು ತಿಂಗಳಿಗೂ ತುಸು ಅಗಲವಾಯಿತು. ಬೇರೆಯವರಾಗಿದ್ದರೆ ಆಸ್ಪತ್ರೆಗೆ ಓಡುತ್ತಿದ್ದರು. ರಾಯರು ನಾಲ್ಕು ಅರ್ಧ ತೋಳಿನ ಅಂಗಿ ಹೊಲಿಸಿಕೊಂಡರು. "ಗುರುಗಳ ಕೃಪಾ, ನನ್ನ ಬಿಟ್ಟು ಹೋಗಲಿಕ್ಕೆ ಒಲ್ಲೆ ಅಂತದ" ಎಂದು ಹಿಮಾಯತ್‌ನಗರದ ನೆಂಟರಿಷ್ಟರಿಗೆಲ್ಲ ತೋಳು ತಿರುಗಿಸಿ ತೋರಿಸಿದರು. ಕೆಳಮನೆಯ ಗೋದಾಬಾಯಿಯಂತೂ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಕಡೆಗೆ ಹೆಂಡತಿಯ ಕಾಟ ತಾಳದೆ ಆಸ್ಪತ್ರೆಗೆ ತೋರಿಸಿದಾಗಲೇ ಅದು ಚರ್ಮದ ಕ್ಯಾನ್ಸರ್ ಎಂದು ಗೊತ್ತಾದದ್ದು.

ಕುಷಾಯಿಗೂಡದ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ಮೂವತ್ತು ವರ್ಷ ಕೂತು, ಕೂದಲೆಳೆಯಷ್ಟು ಬಿರುಕಿದ್ದರೂ ಮಾಲು ವಾಪಸು ಕಳಿಸಿದ ಮನುಷ್ಯ ಇವರು! ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನು ಬಚ್ಚಲಲ್ಲಿ ಬಿದ್ದಿತ್ತಂತೆ. ತಾನು ಬಿದ್ದದ್ದಲ್ಲದೆ ಬಚ್ಚಲನ್ನೇ ತೀರ್ಥವೆಂದು ಹಂಚಿದ ಹಲ್ಲಿ ತಾವೇ ಇರಬೇಕು ಎನಿಸಿ, ಆ ಉರಿಯಲ್ಲೂ ರಾಯರಿಗೆ ನಗು ಬಂತು.

"ಮುದ್ರಿಯಿಂದನ ಆತೇನು ಇದು?"

"ಇಲ್ರೀ. ಮುದ್ರಿ ಗುರುತು ಎಂದೋ ಮಾಸ್ಯದ. ಇದು ಬ್ಯಾರೆ, ಅದೇ ಜಾಗಕ್ಕ ಬಂತು ಅಷ್ಟ. ಪುಣ್ಯಾಕ್ಕ ಚರ್ಮದ ಮ್ಯಾಲಿನ ಪದರದಾಗ ಅದ, ಅದಕ್ಕ ಕತ್ತರಿಸೋ ಬದಲು ಬೆಳಕು ನಡೀತದ. ಇನ್ನೂ ತಡಾ ಮಾಡಿದ್ರ ಒಳಗ ಇಳೀತಿತ್ತು. ವಾರ ಬಿಟ್ಟು ಇನ್ನೊಮ್ಮೆ ಬರ್ರಿ. ಎರಡು ದಿನ ತೋಳಿಗೆ ಬಿಸಿಲು ತಾಗಬಾರದು, ನೋಡ್ರಿ."

ಮನೆಗೆ ಬರುವಾಗ ಆಟೋದಲ್ಲಿ ಹೆಂಡತಿ ಮಂದಾಕಿನಿ ಕೇಳಿದರು: "ಮಂದಿಗೆ ಏನು ಹೇಳ್ತೀರಿ?"

"ಬಿಸಿ ಎಣ್ಣಿ ಸಿಡೀತು ಅಂತೀನಿ. ಗುರುಗಳ ಕೃಪಾಕ್ಕ ಡಾಕ್ಟರ್ ಮುಲಾಮು ಹಚ್ಚಿದ್ಲು ಅಂದ್ರ ನಾ ಓಣ್ಯಾಗ ತಲಿ ಎತ್ತಿ ತಿರುಗೋದು ಹೆಂಗ?"

ಮಂದಾಕಿನಿ ಆಟೋದವನ ಜೊತೆ ಚಿಲ್ಲರೆಗೆ ನಿಂತರು. ರಾಯರು ಮೆಟ್ಟಿಲ ಬಳಿಗೆ ಬಂದದ್ದೇ ತಡ, ಗೋದಾಬಾಯಿ ಎದುರಾದರು. ಅವರ ಕಣ್ಣು ನೇರ ತೋಳಿಗೆ ಕಟ್ಟಿದ್ದ ಪಟ್ಟಿಯ ಮೇಲೆ ಬಿತ್ತು.

"ಅಯ್ಯ, ತೋಳಿಗೆ ಏನಾತ್ರಿ ರಾಯರ?"

"ಎಣ್ಣಿ ಸಿಡೀತ್ರಿ," ಎಂದರು ರಾಯರು, ಎಂದೂ ಒಲೆಯ ಮುಂದೆ ನಿಂತವರಲ್ಲದಿದ್ದರೂ.

"ಅಷ್ಟ ಹೌದಲ್ರಿ? ನನ್ನ ಜೀವ ಹಾರಿತ್ತು ನೋಡ್ರಿ!" ಗೋದಾಬಾಯಿ ನಿಟ್ಟುಸಿರಿಟ್ಟು ಬಳೆ ಹಿಂದೆ ಸರಿಸಿ ಮುಂಗೈ ಚಾಚಿದರು. "ನನ್ನ ಮುದ್ರಿ ಗುರುತೂ ಮಾಸವಲ್ದು. ಡಾಕ್ಟರ್‌ಗೆ ತೋರಸ್ರಿ ಅಂತ ಸೊಸಿ ಆರು ತಿಂಗಳಿಂದ ಬಡಕೋತಾಳ. ರಾಯರಿಗೆ ಕೃಪಾ ಆದದ್ದು ನನಗ ರೋಗ ಹೆಂಗಾಗ್ತದವಾ ಅಂತ ಬಾಯಿ ಮುಚ್ಚಿಸೀನಿ."

ಅದೇ ಕೆಂಪು. ಅದೇ ಹೊಟ್ಟು. ರಾಯರಿಗೆ ತೋಳಿನ ಉರಿ ಮರೆತೇಹೋಯಿತು.

"ಮಂದಾಕಿನಿ, ಆಟೋ ಬಿಡಬ್ಯಾಡ!" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದರು. ಆಮೇಲೆ ದನಿ ತಗ್ಗಿಸದೆಯೇ ಗೋದಾಬಾಯಿಯ ಕಡೆ ತಿರುಗಿದರು.

"ಎಣ್ಣಿ ಸಿಡೀಲಿಲ್ರಿ. ನಂದು ಕ್ಯಾನ್ಸರ್. ಚಪ್ಪಲಿ ಹಾಕ್ಕೋರಿ, ಹೋಗೋಣ."