ಮಧುವಂತಿ

ಮಗಳ ಮದುವೆ ಮಂಟಪದಲ್ಲಿ ಕಟ್ಟುವ ಬ್ಯಾನರಿಗೆಂದು ಫೋಟೊ ಸ್ಟುಡಿಯೊಗೆ ಹೋಗಿದ್ದೆ. ಅಲ್ಲಿಯವಳು ಕಂಪ್ಯೂಟರಿನಲ್ಲಿ ಮಗಳ ಹೆಸರನ್ನು ದಪ್ಪಗೆ ಬರೆದು, ಒಂದೊಂದು ಅಕ್ಷರದೊಳಗೂ ಒಂದೊಂದು ಫೋಟೊ ತುಂಬಿದಳು. ‘ಮ’ದೊಳಗೆ ತೊಟ್ಟಿಲು, ‘ಧು’ವಿನಲ್ಲಿ ಹಲ್ಲು ಬಿದ್ದ ನಗು, ‘ವಂ’ನಲ್ಲಿ ಎರಡು ಜಡೆ, ‘ತಿ’ಯಲ್ಲಿ ಕಾಲೇಜಿನ ಬಹುಮಾನ.

ಅಷ್ಟರಲ್ಲಿ ಬೀಗಿತ್ತಿಯ ಫೋನು ಬಂತು.

“ಬ್ಯಾನರಿನ್ಯಾಗ ರಮಾ ಅಂತ ಬರಸ್ರಿ. ನಮ್ಮಲ್ಲಿ ಸೊಸಿ ಹೆಸರು ಬದಲಸ್ತೀವಿ. ಅಕ್ಕಿಯೊಳಗ ಉಂಗುರದಿಂದ ಬರಸೋದೂ ಅದನ್ನ.”

“ಆಕೀನ್ನ ಒಂದ್ ಮಾತು ಕೇಳಿದ್ರ...”

“ಅಯ್ಯ, ಕೇಳೋದೇನ್ ಬಂತ್ರಿ! ನನ್ನನ್ನ ಯಾರರೆ ಕೇಳಿದ್ರೇನು?”

ನಾನು ಹೊಸ ಹೆಸರು ಹೇಳಿದೆ. ಸ್ಟುಡಿಯೊದವಳು ಹಳೆಯದನ್ನು ಅಳಿಸಿ ಬರೆದಳು.

“ಈಗ ಎರಡ ಅಕ್ಷರ ಆತಲ್ರಿ ಅಕ್ಕಾರ. ಯಾವ ಎರಡು ಫೋಟೊ ತಗೀಲಿ?”

ತೊಟ್ಟಿಲಿನ ಮೇಲೆ ಬೆರಳಿಟ್ಟೆ, ಹಿಂದಕ್ಕೆ ತೆಗೆದುಕೊಂಡೆ. ಎರಡು ಜಡೆಯ ಮೇಲಿಟ್ಟೆ. ಅದೂ ಆಗಲಿಲ್ಲ.

“ನೀನ ಆರಿಸಿಬಿಡವಾ,” ಎಂದೆ.

ಅವಳು ಎರಡನ್ನು ತೆಗೆದು, ಆರ್ಡರ್ ಪುಸ್ತಕ ಬಿಚ್ಚಿದಳು.

“ನಿಮ್ಮ ಹೆಸರೇನ್ರಿ?”

ನನ್ನ ಮದುವೆಯ ದಿನ ಬೆಳಗಿನವರೆಗೆ ಇದ್ದ ಹೆಸರನ್ನು ಹೇಳಿದೆ.