ಗುರುತು ಹಾಕಿದ ಕಡೆ

ಡಾಕ್ಟರಮ್ಮ ಗುಂಡಿ ಒತ್ತಿದರು. ಮಂಚದ ಮೇಲೆ ಒರಗಿದ್ದ ಟೈಲರನ ಬಲಗೈ ಹೆಬ್ಬೆರಳು ಅವನನ್ನು ಒಂದು ಮಾತೂ ಕೇಳದೆ ಪಟಕ್ಕನೆ ಹಾರಿತು.

"ಸಿಕ್ತು!" ಎನ್ನುತ್ತ ಅವರು ಮೆದುಳಿನ ಚಿತ್ರದ ಮೇಲೆ ಒಂದು ಕೆಂಪು ಚುಕ್ಕೆ ಇಟ್ಟರು.

ಟೈಲರನ ತಲೆಯೊಳಗೆ ತಂತಿ ಇಟ್ಟು ಬ್ಯಾಂಡೇಜ್ ಸುತ್ತಿದ್ದರು. ಗುಂಡಿ ಒತ್ತಿದಾಗ ಆ ತಂತಿಯಲ್ಲಿ ಸಣ್ಣ ಕರೆಂಟು ಹರಿದು ಬೆರಳು ಆಡುತ್ತಿತ್ತು. ಅವನ ಫಿಟ್ಸಿನ ಮೂಲ ಬೆರಳಾಡಿಸುವ ಜಾಗಕ್ಕೆ ಅಂಟಿಕೊಂಡೇ ಇದೆಯಂತೆ. ನಾಳೆ ಅದನ್ನು ಕತ್ತರಿಸಿ ತೆಗೆಯುತ್ತಾರಂತೆ. ಡಾಕ್ಟರಮ್ಮ ಎಲ್ಲವನ್ನೂ ಬಿಡಿಸಿ ಹೇಳಿದ್ದರು ನಿಜ. ಆದರೆ 'ಕತ್ತರಿಸಿ' ಎಂದಮೇಲಿನ ಒಂದು ಮಾತೂ ಈ ಮಹಾಶಯನ ಕಿವಿಗೆ ಇಳಿದಿರಲಿಲ್ಲ. ಅಂಗಡಿಯಲ್ಲಿ ಬಟ್ಟೆಯ ಮೇಲೆ ಎಲ್ಲಿ ಸೀಮೆಸುಣ್ಣದ ಗುರುತೋ ಅಲ್ಲೇ ಅವನ ಕತ್ತರಿ ಓಡುವುದು. ಇಲ್ಲಿಯೂ ಹಾಗೇ ತಾನೆ? ಹೆಬ್ಬೆರಳಂತೂ ಹೋಯಿತು, ಉಳಿದವನ್ನಾದರೂ ಕಾಪಾಡಿಕೊಳ್ಳಬೇಕು! ಡಾಕ್ಟರಮ್ಮ ಚಿತ್ರದ ಕಡೆ ತಿರುಗಿದ್ದೇ ತಡ, ಬೆರಳು ಆಡಿದರೂ ಕಾಣದ ಹಾಗೆ ಬಲಗೈಯಲ್ಲಿ ಮಂಚದ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡ.

"ಈಗ ಏನಾದ್ರೂ ಆಡ್ತಾ?"

"ಊಹೂಂ." ತೋರುಬೆರಳು ಕಂಬಿಯ ಮೇಲೆ ಗುದ್ದಾಡುತ್ತಿತ್ತು.

"ಈಗ?"

"ಏನೂ ಇಲ್ಲಮ್ಮ."

ಡಾಕ್ಟರಮ್ಮನಿಗೆ ತಲೆಬುಡ ತಿಳಿಯಲಿಲ್ಲ. "ಹೆಬ್ಬೆರಳಿನ ಪಕ್ಕದಲ್ಲೇ ತೋರುಬೆರಳಿನ ಜಾಗ ಇರ್ಬೇಕಲ್ಲ. ಎಲ್ಲಿ ಹೋಯ್ತಪ್ಪಾ?"

ಪಕ್ಕದಲ್ಲಿ ಕೂತಿದ್ದ ಹೆಂಡತಿ ಬಗ್ಗಿ ನೋಡಿದಳು. "ರೀ, ಆ ಕಂಬೀನ ಯಾಕೆ ಹಂಗೆ ಹಿಸುಕ್ತಿದ್ದೀರಾ?"

"ಬಾಯ್ ಮುಚ್ಚೇ! ಗುರುತು ಹಾಕಿದ ಕಡೆ ಕತ್ತರಿ ಬೀಳುತ್ತೆ. ಬೆರಳೇ ಆಡದ ಟೈಲರನ್ನ ಕಟ್ಕೊಂಡು ಏನ್ ಮಾಡ್ತೀಯ?"

ಡಾಕ್ಟರಮ್ಮ ಹಣೆ ಹಣೆ ಚಚ್ಚಿಕೊಂಡರು. "ಅಯ್ಯೋ ದೇವ್ರೇ! ಗುರುತು ಹಾಕಿದ ಕಡೆ ನಾನು ಕತ್ತರಿ ಸೋಕಿಸೋದೇ ಇಲ್ಲ. ಗುರುತಿಲ್ಲದ ಕಡೆ ಕತ್ತರಿಸೋದು. ನೀವು ಬಚ್ಚಿಟ್ಟ ಬೆರಳನ್ನೇ ನಾಳೆ ಕಳ್ಕೊಳ್ತಿದ್ರಲ್ಲ!"

ಟೈಲರ್ ಗುರುತಿದ್ದರೆ ಉಳಿಯುತ್ತದೆ, ಇಲ್ಲದಿದ್ದರೆ ಹೋಗುತ್ತದೆ ಎಂದು ಮಗ್ಗಿ ಒಪ್ಪಿಸುವವನ ಹಾಗೆ ಗೊಣಗಿಕೊಂಡ. ಇದೆಂಥ ಕಸುಬಪ್ಪ, ಎಲ್ಲ ತಲೆಕೆಳಗು! ಕಂಬಿ ಬಿಟ್ಟು ಕೈಯನ್ನು ದಿಂಬಿನ ಮೇಲೆ ಅಂಗಾತ ಚಾಚಿದ. ಈಗ ಐದೂ ಬೆರಳು ಕುಣಿಯಲಿ, ಚಿತ್ರದ ತುಂಬ ಕೆಂಪು ಚುಕ್ಕೆ ಬೀಳಲಿ ಎಂಬುದೊಂದೇ ಅವನ ಹಂಬಲ.

ತೋರುಬೆರಳು ಪಟಕ್ಕನೆ ಹಾರಿತು.

"ಹಾಕಿ ಅಮ್ಮಾ ಗುರುತು, ಬೇಗ ಹಾಕಿ!"

ಡಾಕ್ಟರಮ್ಮ ಅವನ ಮುಖವನ್ನೇ ನೋಡಿದರು. "ನಾನಿನ್ನೂ ಗುಂಡಿ ಒತ್ತೇ ಇಲ್ಲ."

ಟೈಲರ್ ತನ್ನ ಬೆರಳನ್ನು ದಿಟ್ಟಿಸಿದ. ಆಮೇಲೆ ಮೆಲ್ಲಗೆ ಹೆಂಡತಿಯ ಕಡೆ ತಿರುಗಿದ.

"ಹಾಗಾದ್ರೆ ಆಡಿಸಿದ್ದು ಯಾರೇ?"